ಈಜುಕೊಳದ ದಂಡೆಯಿಂದ ನಮ್ಮ ಯಜಮಾನರನ್ನು ಬಿಡಿಸಿಕೊಡಿ

ನಗರ ಕ್ರೀಡಾ ಕಚೇರಿಯ ಮುಖ್ಯಾಧಿಕಾರಿಗಳೇ,

ಒಂದೇ ಒಂದು ಸುತ್ತೋಲೆಯಿಂದ ನಮ್ಮ ಸಂಸಾರದ ನೆಮ್ಮದಿಯನ್ನು ನೀರುಪಾಲು ಮಾಡಿದ್ದೀರಿ. ಅದನ್ನು ಮೇಲೆತ್ತುವ ಹೊಣೆಯೂ ತಮ್ಮದೇ ಎಂದು ನೆನಪಿಸಲು ಈ ಬಹಿರಂಗ ಪತ್ರ. ಸಾರ್ವಜನಿಕ ಈಜುಕೊಳದ ಕೋಚ್ ಮೇಡಂ ನಿವೃತ್ತರಾದಾಗ, ಆ ಜಾಗಕ್ಕೆ ಇನ್ನೊಬ್ಬರನ್ನು ನೇಮಿಸುವ ಬದಲು, "ತಾತ್ಕಾಲಿಕವಾಗಿ ಪಾಲಕರೇ ತಮ್ಮ ತಮ್ಮ ಮಕ್ಕಳಿಗೆ ತರಬೇತಿ ನೀಡತಕ್ಕದ್ದು" ಎಂದು ಬಾಗಿಲಲ್ಲಿ ಫಲಕ ತೂಗುಹಾಕಿಸಿದಿರಿ. ಆಗ ನಮ್ಮ ಮಗಳು ನನ್ನ ಭುಜಕ್ಕೆ ಬರುತ್ತಿರಲಿಲ್ಲ, ಈಗ ಬರುತ್ತಾಳೆ. ಫಲಕದಲ್ಲಿ "ತಾತ್ಕಾಲಿಕ" ಎಂಬ ಪದ ಮಾಸಿತೆಂದು ಮೊನ್ನೆ ಹೊಸ ಬಣ್ಣ ಬಳಿಸಿದ್ದನ್ನೂ ನೋಡಿದೆ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಅರ್ಥ ಕಳೆದುಕೊಂಡ ಪದವೊಂದು ಇಷ್ಟು ಹೊಳೆಯುವುದನ್ನು ಬೇರೆಲ್ಲೂ ಕಂಡಿಲ್ಲ.

ಪಾಲಕರೆಂದರೆ ಎಂಥವರೆಂದು ತಾವು ಒಮ್ಮೆಯಾದರೂ ಬಂದು ನೋಡಿದ್ದೀರಾ? ಒಂದು ಲೇನಿನಲ್ಲಿ ಟೈಲರೊಬ್ಬರು ಕೊರಳಿಗೆ ಟೇಪು ಹಾಕಿಕೊಂಡು, ಮಗನ ಕೈ ಅಳತೆಗೆ ಬರುತ್ತಿಲ್ಲವೆಂದು ಕೊರಗುತ್ತಾರೆ. ಪಕ್ಕದ ಲೇನಿನ ವಕೀಲೆ, ಮಗಳು ತಡವಾಗಿ ಮುಟ್ಟಿದಾಗಲೆಲ್ಲ ಗಡಿಯಾರದ ಮೇಲೆ ಆಕ್ಷೇಪಣೆ ಎತ್ತುತ್ತಾರೆ. ಅದರಾಚೆಗಿನ ಲೇನು ನಮ್ಮದು. ಅಂದರೆ ಈಜುವವಳು ನಮ್ಮ ಮಗಳು, ಕೂಗುವವರು ನಮ್ಮ ಯಜಮಾನರು.

ಅವರು ಹಲ್ಲಿನ ಡಾಕ್ಟರು. ಕ್ಲಿನಿಕ್ಕಿನಲ್ಲಿ ಬೆಣ್ಣೆಯಂಥ ಮನುಷ್ಯ. ಆದರೆ ಎದುರಿಗಿರುವವರ ಬಾಯಿ ಯಾವಾಗಲೂ ಬೇರೆ ಕೆಲಸದಲ್ಲಿ ತೊಡಗಿರುವುದರಿಂದ ಎದುರುತ್ತರ ಕೇಳಿ ಅವರಿಗೆ ಅಭ್ಯಾಸವಿಲ್ಲ. ಅಂಥವರ ಕೈಗೆ ತಾವು ಸೀಟಿ ಕೊಟ್ಟು, ಮುಖವನ್ನು ನೀರಲ್ಲಿಟ್ಟ ಹುಡುಗಿಯನ್ನು ಒಪ್ಪಿಸಿದಿರಿ. ಇನ್ನು ಕೇಳಬೇಕೆ? ಅವರಿಗೆ ಈಜು ಬರುತ್ತದೆಯೇ ಎಂದು ತಮ್ಮ ಸುತ್ತೋಲೆ ಕೇಳಲಿಲ್ಲ, ಬರುವುದಿಲ್ಲವೆಂದು ಅವರೂ ಹೇಳಲಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ, ಊಟದ ಮೇಜಿನ ಮೇಲೆ ಬೋರಲು ಮಲಗಿ, ಕಾಲು ಬಡಿದು ಕಲಿತರು. ಗಾಜಿನ ಜಗ್ಗೊಂದು ಅದರಲ್ಲೇ ಹೋಯಿತು. ಹೆತ್ತವರೆಂಬ ಒಂದೇ ಅರ್ಹತೆ ಸಾಕೆನ್ನುವುದಾದರೆ, ನಾಳೆ ತಮಗೆ ಹಲ್ಲುನೋವು ಬಂದಾಗ ತಮ್ಮ ತಂದೆಯವರಿಂದಲೇ ಕೀಳಿಸಿಕೊಳ್ಳುವಿರಾ?

ಮೊದಲೆಲ್ಲ ಅಪ್ಪ ಮಗಳು ಸೇರಿದರೆ ಮನೆಯಲ್ಲಿ ನನ್ನನ್ನು ಕೇಳುವವರೇ ಇರಲಿಲ್ಲ. ಬೀದಿಯಲ್ಲಿ ಹೋಗುವವರ ನಡಿಗೆಯನ್ನು ಅಣಕಿಸುತ್ತ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಸುತ್ತೋಲೆ ಬಂದ ಮೇಲೆ ಇವರ ಮಾತೆಲ್ಲ, ಈಜುವಾಗ ಅವಳು ಎತ್ತಬೇಕಾದ ಮೊಣಕೈಗೆ ಬಂದು ನಿಂತಿತು. ಕಾರಿನಲ್ಲಿ ಮೊಣಕೈ, ಹಲ್ಲುಜ್ಜುವಾಗ ಮೊಣಕೈ. ಮಗಳು ತಟ್ಟೆ ಹಿಡಿದುಕೊಂಡು ತನ್ನ ಕೋಣೆಗೆ ಹೋಗಿ ಉಣ್ಣತೊಡಗಿದಳು. ಒಂದು ಸಂಜೆ ನನ್ನ ಹತ್ತಿರ ಬಂದು, "ಅಪ್ಪ ಮನೆಗೆ ಯಾವಾಗ ಬರ್ತಾನಮ್ಮ?" ಎಂದು ಕೇಳಿದಳು. ಅವಳಪ್ಪ ಆಗ ಎದುರಿನ ಸೋಫಾದಲ್ಲೇ ಕೂತಿದ್ದರು. ಅವರಿಗೆ ಕೇಳಿಸಿತು. ಆದರೂ ಮರುದಿನ ಬೆಳಿಗ್ಗೆ ಸೀಟಿ ಹುಡುಕಿದರು.

ಕಳೆದ ಭಾನುವಾರ ತಮ್ಮದೇ ಕಚೇರಿ ಏರ್ಪಡಿಸಿದ್ದ ಮಕ್ಕಳ ಸ್ಪರ್ಧೆ. ಅರ್ಧ ದಾರಿಯಲ್ಲಿ ನಮ್ಮವಳು ಎಲ್ಲರಿಗಿಂತ ಮುಂದಿದ್ದಳು. ಅಷ್ಟಕ್ಕೇ ಸುಮ್ಮನಿರಬಾರದೇ ಇವರು? ದಂಡೆಯುದ್ದಕ್ಕೂ ಅವಳ ಜೊತೆಜೊತೆಗೆ ಓಡುತ್ತ, ಮೊಣಕೈ, ಉಸಿರು, ಕಾಲು ಎಂದು ಕೂಗುತ್ತ ಹೋಗಿ, ಒದ್ದೆ ಹಾಸುಗಲ್ಲಿನ ಮೇಲೆ ಜಾರಿ, ಸೀಟಿ ಸಮೇತ ದಂಡೆಗಂಟಿದ ಖಾಲಿ ಲೇನಿನೊಳಗೆ ಬಿದ್ದರು. ಮಗಳು ನಿಂತಳು. ಹಗ್ಗದಡಿ ನುಸುಳಿ ಬಂದಳು. ಕೋಚ್ ಮೇಡಂ ಹಿಂದೆ ಕಲಿಸಿದ್ದಂತೆ ಅಪ್ಪನ ಗದ್ದವನ್ನು ಮೇಲೆತ್ತಿ ಹಿಡಿದು ದಂಡೆಗೆ ಎಳೆತಂದಳು. ನೋಡುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ತಮ್ಮ ತೀರ್ಪುಗಾರರು ಮಾತ್ರ, ತನ್ನ ಲೇನು ಬಿಟ್ಟು ಬಂದಳೆಂದು ಅವಳನ್ನು ಅನರ್ಹಗೊಳಿಸಿದರು. ಮುಳುಗುತ್ತಿದ್ದದ್ದು ಅವಳ ಅಪ್ಪ ಅಲ್ಲವೇ ಎಂದು ಹೋಗಿ ಕೇಳಿದೆ. "ರೂಲ್ಸ್‌ನಲ್ಲಿ ಅಪ್ಪ ಅಂತ ಇಲ್ಲಮ್ಮ, ಲೇನ್ ಅಂತ ಇದೆ" ಎಂದರು. ಅಪ್ಪಂದಿರನ್ನು ದಂಡೆಗೆ ತಂದು ನಿಲ್ಲಿಸಿದ ಕಚೇರಿಯ ನಿಯಮದಲ್ಲಿ ಅಪ್ಪನೇ ಇಲ್ಲವೆಂದರೆ ಏನು ಹೇಳೋಣ?

ಮನೆಗೆ ಮರಳುವಾಗ ಕಾರು ಓಡಿಸಿದವಳು ನಾನು. ಹಿಂದಿನ ಸೀಟಿನಲ್ಲಿ ಇಬ್ಬರೂ ಟವೆಲ್ ಸುತ್ತಿಕೊಂಡು ಕೂತಿದ್ದರು.

"ನೀನು ಬರದಿದ್ರೆ ನನ್ನ ಕಥೆ ಮುಗೀತಿತ್ತು," ಎಂದರು ಇವರು.

"ಎದ್ದು ನಿಂತಿದ್ರೆ ಸಾಕಿತ್ತಪ್ಪ. ಅಲ್ಲಿ ನಿನ್ನ ಎದೆಮಟ್ಟಕ್ಕೂ ನೀರಿಲ್ಲ."

ಹಾಗಾದರೆ ಗೆಲ್ಲುವ ರೇಸನ್ನು ಬಿಟ್ಟು ಯಾಕೆ ಬಂದೆ ಎಂದು ಕೇಳಿದರು.

"ನಿನ್ನ ಕೂಗು ನಿಂತುಹೋಯ್ತಲ್ಲ. ಭಯ ಆಯ್ತು."

ನಾನು ಕನ್ನಡಿಯಲ್ಲಿ ನೋಡಿದೆ. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು, ಮುಖ ಆಗಲೇ ಒಣಗಿದ್ದರೂ. ಆ ದಿನವಿಡೀ ನಮ್ಮ ಮನೆಯಲ್ಲಿ ಯಾರಿಗೂ ಮೊಣಕೈ ಇರಲಿಲ್ಲ.

ಅಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದು ತಾವು ಕಡತ ಮುಚ್ಚಬೇಡಿ. ಒಳ್ಳೆಯ ಬುದ್ಧಿ ಬುಧವಾರದವರೆಗೂ ಉಳಿಯಲಿಲ್ಲ. ನಾನು ಇದನ್ನು ಬರೆಯುತ್ತಿರುವ ಈ ಹೊತ್ತಿನಲ್ಲಿ ಅವರು ಲೈಫ್ ಜಾಕೆಟ್ ತೊಟ್ಟು, ಅದೇ ದಂಡೆಯ ಮೇಲೆ, ಮೊದಲಿಗಿಂತ ಹೆಚ್ಚು ಧೈರ್ಯದಿಂದ ಕೂಗುತ್ತಿದ್ದಾರೆ. ಟೈಲರೂ ತಮಗೊಂದು ಹೊಲಿದುಕೊಳ್ಳುವ ಯೋಚನೆಯಲ್ಲಿದ್ದಾರಂತೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಮಗಳ ಹೆಸರಿನ ಮುಂದಿರುವ "ಅನರ್ಹ" ಎಂಬುದನ್ನು ಹೊಡೆದುಹಾಕಿ. ಬೇಕಿದ್ದರೆ ನಾನೇ ಬಂದು ತಿದ್ದಿಕೊಡುತ್ತೇನೆ. ಮತ್ತು ಕೂಡಲೇ ಒಬ್ಬ ಕೋಚನ್ನು ನೇಮಿಸಿ. ಪದಕ ಗೆದ್ದವರೇ ಆಗಬೇಕೆಂದಿಲ್ಲ, ನೀರಿನಲ್ಲಿರುವ ಯಾವ ಮಗುವಿಗೂ ಅಪ್ಪನೋ ಅಮ್ಮನೋ ಆಗಿರದಿದ್ದರೆ ಸಾಕು. ನಮ್ಮವರಿಗೆ ಗ್ಯಾಲರಿಯಲ್ಲಿ ನನ್ನ ಪಕ್ಕ ಒಂದು ಕುರ್ಚಿ ಹಿಡಿದಿಟ್ಟಿದ್ದೇನೆ. ಅಲ್ಲಿ ಕೂತು ಅವರು ಎಷ್ಟು ಬೇಕಾದರೂ ಗಾಬರಿಯಾಗಲಿ, ಅಪ್ಪನಾದವನಿಗೆ ಅದರ ಹಕ್ಕಿದೆ.

ಇಂತಿ,
ತರಬೇತುದಾರರ ಹೆಂಡತಿಯೂ ಈಜುಗಾರ್ತಿಯ ತಾಯಿಯೂ ಆಗಿ, ಎರಡೂ ತಂಡದ ಒದ್ದೆ ಬಟ್ಟೆ ಹಿಂಡುತ್ತಿರುವವಳು