‘ಅಪರೂಪದ ಪ್ರಕರಣ, ಅವಸರವಿಲ್ಲ’ ಎಂದು ಬರೆದವರಿಗೆ

ದೊಡ್ಡಾಸ್ಪತ್ರೆಯ ಮುಖ್ಯ ಆಡಳಿತಾಧಿಕಾರಿಗಳೇ,

ನನ್ನ ಬೆನ್ನುಹುರಿಯೊಳಗೆ ಒಂದು ಗೆಡ್ಡೆ ಬೆಳೆಯುತ್ತಿದೆ. ಅದನ್ನು ತೆಗೆಯಲು ಅನುಮತಿ ಕೇಳುವ ಕಡತ ಏಳು ವಾರದಿಂದ ನಿಮ್ಮ ಮೇಜಿನ ಮೇಲೆ ಮಲಗಿದೆ. ಎರಡರಲ್ಲಿ ಗೆಡ್ಡೆಯೇ ಚುರುಕು.

ಕಡತದ ಅಂಚಿನಲ್ಲಿ ನೀವು ಹಸಿರು ಶಾಯಿಯಲ್ಲಿ ಬರೆದದ್ದನ್ನು ನಿಮ್ಮ ಕಚೇರಿಯ ಟಪಾಲು ನೋಡುವ ಹೆಣ್ಣುಮಗಳು ಓದಿ ಹೇಳಿದಳು: ‘ಅಪರೂಪದ ಪ್ರಕರಣ. ಅವಸರವಿಲ್ಲ.’ ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಿಜ, ಆದರೆ ಓದಲು ಬರುತ್ತದೆ. ಕನ್ನಡಕ ಮರೆತಿದ್ದೆ, ಅಷ್ಟೆ. ಎರಡು ಸಲ ಓದಿಸಿಕೊಂಡೆ. ಮೊದಲನೇ ಮಾತಿಗೂ ಎರಡನೇ ಮಾತಿಗೂ ಏನು ಸಂಬಂಧ ಎಂದು ಕೇಳಿದೆ. “ಅಜ್ಜಾ, ನಾನು ಬರೀ ಕಾಗದ ಬಂದಿದ್ದು ಹೋಗಿದ್ದು ಬರ್ಕೊಳ್ಳೋಳು. ಸಾಹೇಬರನ್ನೇ ಕೇಳಿ” ಅಂದಳು. ಸಾಹೇಬರು ಮೀಟಿಂಗಿನಲ್ಲಿದ್ದರು. ಮಾರನೆಯ ದಿನವೂ ಇದ್ದರು. ಅದಕ್ಕೇ ಈಗ ಊರಿಗೆಲ್ಲ ಕೇಳುವ ಹಾಗೆ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ನನ್ನದು ಇಸ್ತ್ರಿ ಅಂಗಡಿ, ನಲವತ್ತೊಂದು ವರ್ಷದ್ದು. ಪೆಟ್ಟಿಗೆ ಎಷ್ಟು ಕಾದಿದೆ ಎಂದು ನೋಡಲು ನಾವು ಬೆರಳನ್ನು ನೀರಿಗೆ ಅದ್ದಿ ಅದರ ತಳಕ್ಕೆ ತಟ್ಟುತ್ತೇವೆ. ನೀರು ಚುಂಯ್ ಅನ್ನಬೇಕು, ಬೆರಳು ಚುರ್ ಅನ್ನಬೇಕು. ಎರಡು ವರ್ಷದ ಹಿಂದೆ ಬೆರಳು ಚುರ್ ಅನ್ನುವುದನ್ನು ನಿಲ್ಲಿಸಿತು. ನಾನೇನು ಮಾಡಿದೆ? ನೀರು ಚುಂಯ್ ಅನ್ನುತ್ತಲೇ ಇತ್ತು, ಆದರೆ ನಾನು ನಂಬುವುದು ಬೆರಳನ್ನು; ಪೆಟ್ಟಿಗೆ ಕೆಟ್ಟಿದೆ ಎಂದುಕೊಂಡೆ. ರಿಪೇರಿಯವನ ಹತ್ತಿರ ಒಯ್ದರೆ, “ಚೆನ್ನಾಗೇ ಕಾಯ್ತಿದೆಯಲ್ಲ ಯಜಮಾನ್ರೇ, ಇನ್ನೇನು ಬೆಂಕಿ ಹಚ್ಚಿ ಕೊಡಲಾ?” ಅಂದ. ಅವನನ್ನು ಕಳ್ಳ ಅಂದೆ. ಹೊಸ ಪೆಟ್ಟಿಗೆ ತಂದೆ, ಅದೂ ಕಾಯಲಿಲ್ಲ. ಜಗಳವಾಡಿ ಬದಲಾಯಿಸಿಕೊಂಡು ಬಂದೆ. ಒಂದು ಬೆಳಿಗ್ಗೆ ಶಾಲೆಯ ಮೇಡಂ ತಮ್ಮ ಕೋಟು ಕೊಟ್ಟು ಎದುರಿಗೆ ನಿಂತಿದ್ದವರು, “ಏನೋ ಸುಟ್ಟ ವಾಸನೆ” ಅಂದರು. ನಾನು ಗಾಬರಿಯಿಂದ ಕೋಟು ಎತ್ತಿ ನೋಡಿದೆ. ಕೋಟಿಗೆ ಏನೂ ಆಗಿರಲಿಲ್ಲ. ಸುಡುತ್ತಿದ್ದುದು ಪೆಟ್ಟಿಗೆಗೆ ಒತ್ತಿಕೊಂಡಿದ್ದ ನನ್ನ ಎಡಗೈ.

ನಿಮ್ಮ ಆಸ್ಪತ್ರೆಗೆ ಆರು ಸಲ ಬಂದೆ. ಆರು ಸಲವೂ ಹತ್ತಿ ಉಂಡೆಯಿಂದ ಕೈ ಸವರಿದರು. “ಗೊತ್ತಾಗುತ್ತಾ?” ಗೊತ್ತಾಗುತ್ತೆ ಅಂದೆ. “ನೋವಿದೆಯಾ?” ಇಲ್ಲ ಅಂದೆ. “ಮತ್ತೇನಕ್ಕೆ ಬಂದ್ರಿ?” ಸ್ವಾಮೀ, ಕೈ ಸುಟ್ಟರೂ ನೋವಾಗುತ್ತಿಲ್ಲ ಎಂದೇ ಅಲ್ಲವೇ ನಾನು ಬಂದದ್ದು? ನೋವಿದ್ದವರಿಗೆ ಮಾತ್ರ ಕಾಯಿಲೆ ಎಂದು ನಿಮ್ಮಲ್ಲಿ ಕಾನೂನಿದೆಯೇ? ಆರೂ ಚೀಟಿಯಲ್ಲಿ ‘ವಯೋಸಹಜ’ ಎಂದು ಬರೆದು ಶಕ್ತಿಯ ಗುಳಿಗೆ ಕೊಟ್ಟು ಕಳಿಸಿದರು. ಸುಡುವ ಪೆಟ್ಟಿಗೆಯ ಮೇಲೆ ಕೈಯಿಟ್ಟು ತೆಪ್ಪಗಿರುವುದು ಯಾವ ವಯಸ್ಸಿಗೆ ಸಹಜವೋ ನನಗೆ ತಿಳಿಯದು.

ಏಳನೇ ಸಲ ಒಬ್ಬ ಎಳೆಯ ಡಾಕ್ಟರಮ್ಮ ಸಿಕ್ಕಳು. ನನ್ನ ಕೆಲಸ ಏನು ಎಂದು ಕೇಳಿದವಳು ಅವಳೊಬ್ಬಳೇ. ಎರಡು ಗಾಜಿನ ಕೊಳವೆ ತಂದು, ಕಣ್ಣು ಮುಚ್ಚಿಸಿ, ಒಂದೊಂದಾಗಿ ತೋಳಿಗೆ ತಾಗಿಸಿದಳು.

“ಯಾವುದು ಬಿಸಿ, ಹೇಳಿ ಅಜ್ಜಾ.”

“ಎರಡೂ ಒಂದೇ ಇದೆಯಲ್ಲಮ್ಮ. ನನ್ನ ಹತ್ರ ಏನು ತಮಾಷೆ?”

“ಕಣ್ಣು ಬಿಡಿ.”

ಒಂದು ಕೊಳವೆಯಲ್ಲಿ ಐಸಿನ ಚೂರು ತೇಲುತ್ತಿತ್ತು. ನಾನು ಆ ದಿನ ಮೊದಲ ಸಲ ಹೆದರಿದೆ.

ಸ್ಕ್ಯಾನ್ ಆಯಿತು. ಬೆನ್ನುಹುರಿಯ ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಚಿತ್ರ ತೋರಿಸಿ ವಿವರಿಸಿದರು. ಹುರಿ ಇರುವುದೇ ಕಿರುಬೆರಳಿನಷ್ಟು ದಪ್ಪ. ನನ್ನ ಗೆಡ್ಡೆ ಅದರ ಪಕ್ಕದಲ್ಲಲ್ಲ, ಕುತ್ತಿಗೆಯ ಹತ್ತಿರ ಹುರಿಯ ಹೊಟ್ಟೆಯೊಳಗೇ ಇದೆ. ಬಿಸಿ, ತಂಪು, ನೋವು ತಿಳಿಸುವ ಎಳೆಗಳು ಹುರಿಯ ನಡುವೆಯೇ ಆಚೀಚೆ ದಾಟುವುದರಿಂದ ಮೊದಲು ನಲುಗುವುದು ಅವು. ಮುಟ್ಟಿದ್ದನ್ನು ತಿಳಿಸುವ ಎಳೆಗಳ ದಾರಿ ಬೇರೆ. ಹತ್ತಿ ಉಂಡೆ ಆರು ಸಲ ಸುಳ್ಳು ಹೇಳಿದ್ದು ಹೀಗೆ. ಇದನ್ನು ತೆಗೆಯಬೇಕಾದರೆ ಬೆನ್ನಮೂಳೆ ಬಿಚ್ಚಿ, ಹೊದಿಕೆ ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಹುರಿಯನ್ನು ನಟ್ಟನಡುವೆ ಸೀಳಿ ಗೆಡ್ಡೆಯನ್ನು ಬಿಡಿಸಿಕೊಳ್ಳಬೇಕು.

“ಇಂಥದ್ದು ಎಷ್ಟು ಮಾಡಿದ್ದೀರಿ?” ಎಂದು ಕೇಳಿದೆ.

“ಒಂಬತ್ತು.”

“ನಾನು ದಿನಕ್ಕೆ ತೊಂಬತ್ತು ಅಂಗಿ ಮಾಡ್ತೀನಿ.”

“ಅಂಗಿ ಕೆಟ್ಟರೆ ಬೇರೆ ಅಂಗಿ ಸಿಗುತ್ತೆ ಯಜಮಾನ್ರೇ. ಅದಕ್ಕೇ ಹುರಿ ಮೇಲೆ ಕಣ್ಣಿಡೋ ಯಂತ್ರ ಬರದೆ ನಾನು ಮುಟ್ಟಲ್ಲ.”

ಆ ಯಂತ್ರವೇ ನಮ್ಮಿಬ್ಬರ ವ್ಯಾಜ್ಯ, ಅಧಿಕಾರಿಗಳೇ. ಕೈಕಾಲಿಗೆ ತಂತಿ ಕಟ್ಟಿ, ಆಪರೇಷನ್ ನಡೆಯುವಷ್ಟು ಹೊತ್ತೂ ಹುರಿಯಲ್ಲಿ ಸುದ್ದಿ ಓಡಾಡುತ್ತಿದೆಯೋ ಇಲ್ಲವೋ ಎಂದು ಅದು ಹೇಳುತ್ತದಂತೆ. ಸುದ್ದಿ ಕುಗ್ಗಿದರೆ ಡಾಕ್ಟರು ಕೈ ತಡೆಯುತ್ತಾರೆ. ಅದು ಇನ್ನೊಂದು ಆಸ್ಪತ್ರೆಯಲ್ಲಿದೆ. ಒಂದು ದಿನದ ಮಟ್ಟಿಗೆ, ಅದನ್ನು ನಡೆಸುವವರ ಸಮೇತ, ಕೊಡಲು ಅವರು ಒಪ್ಪಿದ್ದಾರೆ. ಬೇಕಿರುವುದು ನಿಮ್ಮ ಒಂದು ಸಹಿ. “ಇವತ್ತು ಇರೋ ಶಕ್ತಿನ ಉಳಿಸೋಕೆ ನೋಡಬಹುದು. ಒಮ್ಮೆ ಹೋದದ್ದನ್ನ ವಾಪಸ್ ತರ್ತೀನಿ ಅಂತ ಮಾತ್ರ ಹೇಳಲಾರೆ” ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಹಾಗಾದರೆ ಈ ಏಳು ವಾರದಲ್ಲಿ ಹೋದದ್ದು ಯಾರ ತಲೆಗೆ? ಮೊದಲ ವಾರ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆ. ಈಗ ಗುಂಡಿ ಹಾಕಿದ್ದ ಅಂಗಿಯನ್ನೇ ತಲೆಯ ಮೇಲಿಂದ ಎಳೆದುಕೊಳ್ಳುತ್ತೇನೆ. ಮೊನ್ನೆ ಬೀದಿಯಲ್ಲಿ ಕಾಲಿಂದ ಚಪ್ಪಲಿ ಕಳಚಿತ್ತು. ಯಾರೋ ಹಿಂದಿನಿಂದ ಕೂಗುವವರೆಗೂ ಗೊತ್ತಾಗಲಿಲ್ಲ.

ಇನ್ನು ನಿಮ್ಮ ‘ಅಪರೂಪ’. ಬಹಳ ದಿನ ಕಾಣದವರು ಎದುರಾದರೆ ನಾವು “ಏನ್ರೀ, ಅಪರೂಪ ಆಗ್ಬಿಟ್ರಿ, ಬನ್ನಿ ಬನ್ನಿ” ಎಂದು ಕುರ್ಚಿ ಎಳೆದು ಹಾಕುತ್ತೇವೆ. ಅಪರೂಪಕ್ಕೆ ಬಂದವನನ್ನು ಹೊರಗೆ ನಿಲ್ಲಿಸುವ ಪದ್ಧತಿ ನಿಮ್ಮಲ್ಲಿ ಮಾತ್ರ ಕಂಡೆ. ವರ್ಷಕ್ಕೆ ಒಬ್ಬಿಬ್ಬರಿಗೆ ಬರುವ ಕಾಯಿಲೆಗೆ ಅಷ್ಟೊಂದು ಓಡಾಟ ಯಾಕೆ ಎಂದು ನಿಮ್ಮ ಲೆಕ್ಕಾಚಾರ ಇರಬಹುದು. ಆದರೆ ಆ ಒಬ್ಬನಿಗೆ ಅದು ನೂರಕ್ಕೆ ನೂರು ಬಂದಿದೆಯಲ್ಲ.

ಅಪರೂಪದ ಕಾಯಿಲೆಯ ಇನ್ನೊಂದು ಗುಣ ನಿಮಗೆ ಗೊತ್ತಿರಲಾರದು. ಸಕ್ಕರೆ ಕಾಯಿಲೆ ಅಂದರೆ ಬೀದಿಯಲ್ಲಿ ಹತ್ತು ಜನ ಸೇರಿ ಬುದ್ಧಿ ಹೇಳುತ್ತಾರೆ. ನನ್ನದರ ಸುದ್ದಿ ಎತ್ತಿದರೆ ಎದುರಿದ್ದವರ ಬಾಯಿ ಕಟ್ಟುತ್ತದೆ. ಪಕ್ಕದ ಸೈಕಲ್ ಅಂಗಡಿಯವನು, “ಡಿಸ್ಕಾ?” ಅಂದ. ಅಲ್ಲ ಅಂದೆ. ಡಿಸ್ಕ್ ಆಗಿದ್ದರೆ ಅವನ ಹತ್ತಿರ ಹೇಳಲು ಬೇಕಾದಷ್ಟಿತ್ತು, ಪಾಪ; ಚಕ್ರ ತಿರುಗಿಸುತ್ತ ಕೂತುಬಿಟ್ಟ. ದೂರದೂರಿನಿಂದ ತಂಗಿ ಫೋನ್ ಮಾಡುತ್ತಾಳೆ. “ನೋವಿದೆಯಾ ಅಣ್ಣ?” ಇಲ್ಲ ಅನ್ನುತ್ತೇನೆ. “ಸದ್ಯ, ಅಷ್ಟಾದ್ರೂ ಆಯ್ತಲ್ಲ” ಎಂದು ಇಟ್ಟುಬಿಡುತ್ತಾಳೆ. ಅವಳ ತಪ್ಪಲ್ಲ; ಅವಳಿಗೆ ಮಂಡಿ ನೋವು, ನಾಲ್ಕು ಹೆಜ್ಜೆ ಇಡಲಾರಳು. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷ. ನನ್ನ ಬಾಯಿಗೆ ಹೆದರಿ ದೂರವಾದವರೂ ಇದ್ದಾರೆ, ಒಪ್ಪುತ್ತೇನೆ. ರಿಪೇರಿಯವನ ಹತ್ತಿರ ಹೋಗಿ ತಪ್ಪಾಯಿತು ಅಂದೆ. “ಬಿಡಿ ಯಜಮಾನ್ರೇ” ಅಂದ, ತಲೆ ಎತ್ತಲಿಲ್ಲ. ನರಳಿದರೆ ಯಾರಾದರೂ ಬಾಗಿಲು ತಟ್ಟುತ್ತಾರೆ. ನರಳಲು ನೋವೇ ಇಲ್ಲದವನು ಏನು ಮಾಡಬೇಕು, ಹೇಳಿ.

ನನ್ನ ಬೇಡಿಕೆ ಇಷ್ಟು. ಬರುವ ಸೋಮವಾರದೊಳಗೆ ಸಹಿ ಮಾಡಿ. ಆಗುವುದಿಲ್ಲ ಎಂದಾದರೆ ಯಾಕೆ ಆಗುವುದಿಲ್ಲ ಎಂದು ನಿಮ್ಮ ಹಸಿರು ಶಾಯಿಯಲ್ಲೇ ಬರೆದು ಕೊಡಿ, ಇದೇ ಪತ್ರಿಕೆಗೆ ಕೊಡುತ್ತೇನೆ.

ಇನ್ನೊಂದಿದೆ, ಬರೆಯಲು ಮುಜುಗರ, ಆದರೂ ಬರೆಯುತ್ತೇನೆ. ಆಪರೇಷನ್ ಬೆಳಿಗ್ಗೆ ಶುರುವಾದರೆ ಏಳೆಂಟು ಗಂಟೆ ಹಿಡಿಯುತ್ತದಂತೆ. “ಹೊರಗೆ ನಿಮ್ಮ ಕಡೆಯವರು ಯಾರಿರ್ತಾರೆ?” ಎಂದು ಡಾಕ್ಟರು ಕೇಳಿದರು. “ಒಳಗಿರೋರು ಸಾಲದಾ?” ಎಂದು ರೇಗಿ ಬಂದೆ. ಬಂದ ಮೇಲೆ ಯೋಚನೆ ಹತ್ತಿತು. ಕೆಲಸ ಮುಗಿಸಿ ಬಾಗಿಲು ತೆರೆದು ಬಂದಾಗ ಅವರು ಸುದ್ದಿಯನ್ನು ಯಾರಿಗೆ ಹೇಳಬೇಕು? ಆದ್ದರಿಂದ ಆ ದಿನ ಆ ಬಾಗಿಲ ಮುಂದಿನ ಬೆಂಚಿನ ಮೇಲೆ ಯಾರನ್ನಾದರೂ ಕೂರಿಸಿ. ನೀವೇ ಬಂದರೂ ಸರಿ, ನಿಮ್ಮ ಕಡತಗಳನ್ನೂ ತನ್ನಿ. ನನ್ನ ಮೇಲೆ ಪ್ರೀತಿ ಇರಬೇಕೆಂದೇನಿಲ್ಲ. ಬಾಗಿಲು ತೆರೆದಾಗ ಎದ್ದು ನಿಂತರೆ ಸಾಕು.

ಇಂತಿ,
ಈ ವಾರದ ಮಟ್ಟಿಗೆ ಇನ್ನೂ ನಡೆದಾಡುತ್ತಿರುವ
ಇಸ್ತ್ರಿ ಅಂಗಡಿಯ ಮುದುಕ