ತಲೆಗೆ ಪೆಟ್ಟಾದವಳನ್ನು ಆಡಿಸಲಿಲ್ಲವೆಂಬ ಅಪರಾಧ

ಹಾಕಿ ಮಂಡಳಿಯ ಮಾನ್ಯ ಅಧ್ಯಕ್ಷರೇ,

ತಲೆಗೆ ಚೆಂಡು ಬಡಿದ ಹುಡುಗಿಯನ್ನು ಮತ್ತೆ ಮೈದಾನಕ್ಕೆ ಇಳಿಸಲಿಲ್ಲ ಎಂಬ ಕಾರಣಕ್ಕೆ ನನ್ನ ಅಕ್ಕನನ್ನು ಕಿರಿಯರ ತಂಡದ ಕೋಚ್ ಹುದ್ದೆಯಿಂದ ಅಮಾನತು ಮಾಡಿದ್ದೀರಿ. ಆದೇಶದಲ್ಲಿ ಇದನ್ನು 'ಅಶಿಸ್ತು' ಎಂದು ಕರೆದಿದ್ದೀರಿ. ಇಂಥ ಶಿಸ್ತಿನ ರುಚಿ ನಮ್ಮ ಮನೆಗೆ ಹೊಸದಲ್ಲ. ಹಾಗಾಗಿ ಈ ಪತ್ರ ನಿಮ್ಮ ಕಪಾಟು ಸೇರುವ ಮೊದಲು ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂದು ಪತ್ರಿಕೆಗೇ ಕಳಿಸಿದ್ದೇನೆ.

ಅಕ್ಕ ಹಾಕಿ ಕಲಿತದ್ದು ಬೇಕರಿಯ ಹಿಂದಿನ ಸಿಮೆಂಟ್ ಅಂಗಳದಲ್ಲಿ, ಸೋದರಮಾವನ ಮುರಿದ ಸ್ಟಿಕ್ಕಿಗೆ ಸೈಕಲ್ ಟ್ಯೂಬ್ ಸುತ್ತಿಕೊಂಡು. ಮಕ್ಕಳ ಲೀಗಿನಲ್ಲಿ ಅವಳೇ ಸ್ಟಿಕ್ಕು ಹಿಡಿದಿದ್ದಾಳೋ, ಸ್ಟಿಕ್ಕೇ ಅವಳನ್ನು ಹಿಡಿದಿದೆಯೋ ಎಂದು ಜನ ನಗುತ್ತಿದ್ದರು. ಯುವ ಲೀಗಿಗೆ ಬರುವ ಹೊತ್ತಿಗೆ ಎದುರಾಳಿ ಕೋಚ್‌ಗಳು, ಅವಳಿರುವ ಕಡೆ ಹೋಗಬೇಡಿ, ಸುತ್ತು ಹಾಕಿಕೊಂಡು ಹೋಗಿ ಎನ್ನತೊಡಗಿದ್ದರು. ವೃತ್ತಿಪರ ಲೀಗಿನ ತಂಡವೊಂದು ಕರೆದಾಗ ಅಮ್ಮ ಹೇಳಿದ್ದು ಒಂದೇ ಮಾತು: "ಗೆದ್ದು ಬಾ ಅನ್ನಲ್ಲ ಕಣೆ, ಹೋದ ಹಾಗೇ ಬಾ."

ಅವಳು ಹೋದ ಹಾಗೆ ಬರಲಿಲ್ಲ. ಎರಡನೆಯ ವರ್ಷ ಎದುರಾಳಿಯ ಸ್ಟಿಕ್ಕು ಅವಳ ಎಡಗಿವಿಯ ಮೇಲೆ ಅಪ್ಪಳಿಸಿತು. ತಂಡದ ಮ್ಯಾನೇಜರ್ ಮುಖಕ್ಕೆ ನೀರು ಚಿಮುಕಿಸಿ, ಬೆನ್ನು ತಟ್ಟಿ, ವಾಪಸ್ ಅಟ್ಟಿದರು. ಅದೇ ಆಟದಲ್ಲಿ ಇನ್ನೊಬ್ಬಳಿಗೆ ಡಿಕ್ಕಿ ಹೊಡೆದು ಬಿದ್ದವಳು ಕಣ್ಣು ಬಿಟ್ಟದ್ದು ಆಸ್ಪತ್ರೆಯಲ್ಲಿ. ಎಡಗಿವಿ ಹೋಯಿತು. ಬೆಳಕು ಕಂಡರೆ ತಲೆ ಸಿಡಿಯುತ್ತಿದ್ದರಿಂದ ತಿಂಗಳುಗಟ್ಟಲೆ ಅವಳ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದ್ದೆವು. ತಂಡದವರು ಹೂಗುಚ್ಛ ಕಳಿಸಿ ಕೈ ತೊಳೆದುಕೊಂಡರು. ಆ ಕತ್ತಲೆಯಿಂದ ಎದ್ದು ಬಂದು ಅಕ್ಕ ಕೋಚಿಂಗ್ ಪರೀಕ್ಷೆ ಪಾಸು ಮಾಡಿದಳು. ಇವತ್ತು ಅವಳ ಹುಡುಗಿಯರು ಮಾತಾಡಬೇಕೆಂದರೆ ತಾವಾಗಿಯೇ ಅವಳ ಬಲಗಡೆಗೆ ಬಂದು ನಿಲ್ಲುತ್ತಾರೆ.

ಈಗ ಸೆಮಿಫೈನಲ್ ವಿಷಯಕ್ಕೆ ಬರೋಣ. ಎರಡೂ ತಂಡ ಸಮಸಮ. ಯಾರದೋ ಸ್ಟಿಕ್ಕಿಗೆ ತಾಗಿ ಚಿಮ್ಮಿದ ಚೆಂಡು ನಮ್ಮ ಡಿಫೆಂಡರ್ ಹಣೆಗೆ ಬಡಿಯಿತು. ತಂಡದವರೆಲ್ಲ ಅವಳನ್ನು ಚಿಟ್ಟೆ ಎನ್ನುತ್ತಾರೆ. ಚೆಂಡು ಬಡಿದ ಸದ್ದು ಗ್ಯಾಲರಿಯಲ್ಲಿದ್ದ ನನಗೂ ಕೇಳಿಸಿತು. ಎದ್ದು ಬಂದವಳು ತನಗೇನೂ ಆಗಿಲ್ಲವೆಂದಳು. ಯಾರ ವಿರುದ್ಧ ಆಡುತ್ತಿದ್ದೀಯ ಎಂದು ಅಕ್ಕ ಕೇಳಿದರೆ ಹಿಂದಿನ ವಾರದ ತಂಡದ ಹೆಸರು ಹೇಳಿದಳು. ಅಕ್ಕ ಅವಳನ್ನು ಬೆಂಚಿನ ಮೇಲೆ ಕೂರಿಸಿದಳು. ಆಗ ತಾವು ಗಣ್ಯರ ಸಾಲಿನ ಸೋಫಾ ಬಿಟ್ಟು ಕೆಳಗಿಳಿದು ಬಂದಿರಿ.

"ನಡ್ಕೊಂಡು ಬಂದಳಲ್ಲ, ಇನ್ನೇನಮ್ಮ? ಒಳಗೆ ಕಳ್ಸಿ."

"ನಡ್ಕೊಂಡು ಬಂದಳು ಸರ್. ಎಲ್ಲಿಗೆ ಬಂದಿದೀನಿ ಅಂತ ಅವಳಿಗೆ ಗೊತ್ತಿಲ್ಲ."

"ನಾನು ಕೇಳ್ತಾ ಇಲ್ಲ. ಹೇಳ್ತಾ ಇದೀನಿ."

ಅಕ್ಕ ಹುಡುಗಿಯ ಸ್ಟಿಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಆಡಿಸಿ ಮೇಡಂ ಎಂದು ಚಿಟ್ಟೆಯೇ ಅಳುತ್ತಿದ್ದಳು. ಆದರೂ ಅಕ್ಕ ಏಳಲಿಲ್ಲ. ನಾವು ಸೋತೆವು. ಕೊನೆಯ ಶಿಳ್ಳೆ ಊದುವಷ್ಟರಲ್ಲಿ ಹುಡುಗಿ ವಾಂತಿ ಮಾಡಿಕೊಂಡು ಕುಸಿದಳು. ಆಂಬುಲೆನ್ಸ್‌ಗೆ ಅಡ್ಡ ನಿಂತಿದ್ದ ಕಾರು ಯಾರದೆಂದು ನಾನು ಹೇಳುವುದಿಲ್ಲ. ಅದನ್ನು ತೆಗೆಸಲು ಮೈಕಿನಲ್ಲಿ ತಮ್ಮ ಚಾಲಕರನ್ನೇ ಕರೆಯಬೇಕಾಯಿತು.

ತಲೆಯೊಳಗೆ ರಕ್ತಸ್ರಾವವಾಗಿತ್ತು. ಇನ್ನೊಂದು ಪೆಟ್ಟು ಬಿದ್ದಿದ್ದರೆ ಬಹುಶಃ ಉಳಿಯುತ್ತಿರಲಿಲ್ಲ ಎಂದರು ವೈದ್ಯರು. ಮೂರನೆಯ ದಿನ ಹುಡುಗಿ ಚೆನ್ನಾಗಿ ಎಚ್ಚರವಾಗಿ ಮ್ಯಾಚ್ ಏನಾಯಿತೆಂದು ಕೇಳಿದಳು. ಸೋತೆವೆಂದಳು ಅಕ್ಕ.

"ನನ್ನಿಂದಾನಾ ಮೇಡಂ?"

"ಅಲ್ಲ ಮಗಾ, ನನ್ನಿಂದ. ನೀನು ಮಲ್ಕೋ."

ಅಧ್ಯಕ್ಷರೇ, ಶಿಸ್ತೆಂದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವುದೇ? ಅಥವಾ ಪರರ ಮಕ್ಕಳ ತಲೆ ಒಡ್ಡುವುದೇ? ಕಪ್ ಮುಂದಿನ ವರ್ಷವೂ ಬರುತ್ತದೆ. ಆ ಹುಡುಗಿಯನ್ನು ಎಲ್ಲಿಂದ ತರುತ್ತಿದ್ದಿರಿ?

ನನ್ನ ಬೇಡಿಕೆ ಇಷ್ಟೇ. ತಲೆಗೆ ಪೆಟ್ಟಾದವರು ಮತ್ತೆ ಆಡಬೇಕೋ ಬೇಡವೋ ಎಂಬುದನ್ನು ವೈದ್ಯರು ಮಾತ್ರ ಹೇಳಲಿ, ಪದಾಧಿಕಾರಿಗಳು ಬೆಂಚಿನ ಹತ್ತಿರ ಸುಳಿಯಬಾರದು ಎಂದು ನಿಯಮ ಮಾಡಿ. ಅಕ್ಕನ ಅಮಾನತನ್ನು ಆಮೇಲೆ ರದ್ದು ಮಾಡಿದರೂ ಸರಿ. ಆದರೆ ನಿಯಮ ಬೇಗ ಮಾಡಿ. ಬರುವ ಭಾನುವಾರ ಮತ್ತೆ ಪಂದ್ಯವಿದೆ, ಮತ್ತು ಆ ಬೆಂಚಿನಲ್ಲಿ ಈಗ ನಿಮಗೆ ಇಲ್ಲ ಎನ್ನುವವರು ಯಾರೂ ಕೂತಿಲ್ಲ.

ಇಂತಿ,
ಅಶಿಸ್ತಿನವಳ ತಂಗಿ