ಹೆಬ್ಬೆರಳಿಗೆ ಕಟ್ಟಿದ ದಾರ

೧೪ ನವೆಂಬರ್, ಭಾನುವಾರ

ಪುಟ್ಟೀ,

ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಇಷ್ಟು ದಿನ ಮಾಡಿದೆ. ಬೈಯುವುದಿದ್ದರೆ ಮೊದಲೇ ಬೈದು ಮುಗಿಸಿ ಮುಂದೆ ಓದು. ನಾವಿಬ್ಬರೂ ಚೆನ್ನಾಗಿದ್ದೇವೆ.

"ಅಪ್ಪಂಗೆ ನನ್ನ ಮೇಲೆ ಕೋಪಾನಾ? ಎರಡು ಮಾತಾಡಿ ಫೋನ್ ನಿನ್ನ ಕೈಗೆ ಕೊಟ್ಟುಬಿಡ್ತಾರೆ" ಅಂದಿದ್ದೆಯಲ್ಲ, ಆಗ ನನಗೇ ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ಆದರೆ ಮನೆಗಿರುವುದು ಒಂದೇ ಫೋನು, ಅದು ಸದಾ ಅವರ ಜೇಬಿನಲ್ಲಿ. ಅದಕ್ಕೇ ಈ ಕಾಗದ.

ನಿಜ ಹೇಳಬೇಕೆಂದರೆ ನನ್ನ ಮೇಲೂ ಮುನಿಸು ಎಂದೇ ತಿಳಿದಿದ್ದೆ. ಊಟಕ್ಕೆ ಕರೆದರೆ ಉತ್ತರವಿಲ್ಲ. ಇವರಿಗೆ ಇಷ್ಟು ಬಿಗುಮಾನವಿದ್ದರೆ ನನಗೂ ಇದೆ ಎಂದು ನಾನೂ ಮಾತು ಬಿಟ್ಟೆ. ಗಂಡ ಹೆಂಡತಿ ಇಬ್ಬರೇ ನಡೆಸುವ ಗ್ಯಾರೇಜಿನಲ್ಲಿ ಇದು ಎಷ್ಟು ದಿನ ನಡೆದೀತು? ಅದರಲ್ಲೂ ಬ್ರೇಕ್ ಕೆಲಸ.

ಬ್ರೇಕಿನ ಪೈಪಿನಲ್ಲಿ ಸೇರಿಕೊಂಡ ಗಾಳಿ ತೆಗೆಯಲು ಇಬ್ಬರು ಬೇಕು. ನಾನು ಸೀಟಿನಲ್ಲಿ ಕೂತು ಪೆಡಲ್ ಒತ್ತಿ "ಹಿಡಿದೆ" ಅನ್ನಬೇಕು. ಗಾಡಿಯ ಕೆಳಗೆ ಮಲಗಿದ ಅಪ್ಪ ಚಕ್ರದ ಹಿಂದಿನ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಿ, ಗುಳ್ಳೆಗಳ ಸಮೇತ ಆಯಿಲ್ ಹೊರಗೆ ಬಿಟ್ಟು, ಮತ್ತೆ ಬಿಗಿದು "ಬಿಡು" ಅನ್ನಬೇಕು. ಅದಕ್ಕೂ ಮೊದಲು ನಾನು ಕಾಲೆತ್ತಿದರೆ ಹೊರಗಿನ ಗಾಳಿ ಒಳಕ್ಕೆ ಹೋಗುತ್ತದೆ. ಆಮೇಲೆ ಪೆಡಲ್ ಹತ್ತಿಯಷ್ಟು ಮೆತ್ತಗೆ.

ಅವತ್ತು ಬಂದಿದ್ದು ಶಾಲೆಯ ವ್ಯಾನು. "ಹಿಡಿದೆ" ಅಂದೆ. ಸದ್ದಿಲ್ಲ. ಮತ್ತೆ ಅಂದೆ.

"ಒತ್ತು ಮಹಾತಾಯಿ, ನಿದ್ದೆ ಹೋದ್ಯಾ?" ಎಂದರು ಕೆಳಗಿನಿಂದ.

"ಆಗಲೇ ಒತ್ತಿ ಕಾಲು ಮರಗಟ್ಟಿತು!"

"ಏನಂದೆ?"

ನನಗೆ ರೇಗಿತು, ಕಾಲೆತ್ತಿಬಿಟ್ಟೆ. ಅದೇ ಹೊತ್ತಿಗೆ ಅವರು ಅಂದಾಜಿನ ಮೇಲೆ ನಿಪ್ಪಲ್ ಸಡಿಲಿಸಿದ್ದರು.

ಚಕ್ರ ಹಾಕಿದ ಮೇಲೆ ಎಂದಿನಂತೆ ಅಂಗಳದಲ್ಲೇ, ಮುಂದೆ ಯಾರನ್ನೂ ನಿಲ್ಲಿಸದೆ, ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು, ನಡಿಗೆಯ ವೇಗದಲ್ಲಿ ಓಡಿಸಿ ನೋಡಿದರು. ಪೆಡಲ್ ನೆಲ ಮುಟ್ಟಿತು. ಹ್ಯಾಂಡ್‌ಬ್ರೇಕ್ ಎಳೆದರೂ ವ್ಯಾನು ಹಳೇ ಟಯರುಗಳ ರಾಶಿಗೆ ಮೂತಿ ತಾಗಿಸಿಯೇ ನಿಂತಿತು. ಇಳಿದು ಬಂದು, "ನೀನು ಹೇಳಲೇ ಇಲ್ಲವಲ್ಲ" ಅಂದರು. ಮುಖದಲ್ಲಿ ಕೋಪವಿರಲಿಲ್ಲ, ಹೆದರಿಕೆಯಿತ್ತು.

ನನಗೆ ಏನೋ ಹೊಳೆಯಿತು. ಅವರು ಆ ಕಡೆ ತಿರುಗಿದಾಗ ಬೆನ್ನ ಹಿಂದೆ ನಿಂತು, "ರೀ, ನಿಮ್ಮ ಅಂಗಿಗೆ ಬೆಂಕಿ ಹತ್ತಿದೆ" ಅಂದೆ. ಪುಣ್ಯಾತ್ಮ ಆರಾಮಾಗಿ ಟ್ಯೂಬು ಸುತ್ತುತ್ತಿದ್ದರು.

ಎಳೆದುಕೊಂಡು ಹೋಗಿ ಡಾಕ್ಟರಿಗೆ ಕಿವಿ ತೋರಿಸಿದೆ. ಸಣ್ಣ ದನಿಗಳು ಮೊದಲು ಹೋಗುತ್ತವಂತೆ. ನಿನ್ನದೂ ನನ್ನದೂ ಅಂಥದೇ ದನಿ. ಕಿವಿಗೆ ಯಂತ್ರ ಬರುವುದಿದೆ. ಅಲ್ಲಿಯವರೆಗೆ ಬ್ರೇಕ್ ಕೆಲಸ ಬೇಡ ಅಂದರೆ, "ಮತ್ತೇನು, ಬಂದವರ ಗಾಜು ಒರೆಸಿಕೊಂಡಿರಲಾ?" ಅಂತ ಗುಡುಗಿದರು. ಆಮೇಲೆ ತಾವೇ ಒಂದು ಉಪಾಯ ಹುಡುಕಿದರು: ಅವರ ಕಾಲಿನ ಹೆಬ್ಬೆರಳಿಗೆ ಒಂದು ದಾರ, ಅದರ ತುದಿ ನನ್ನ ಕೈಯಲ್ಲಿ. ಪೆಡಲ್ ಒತ್ತಿ ಒಮ್ಮೆ ಎಳೆದರೆ "ಹಿಡಿದೆ" ಎಂದರ್ಥ. "ಬಿಡು" ಎಂದು ಅವರು ಕೂಗುತ್ತಾರೆ. ಅದು ಬೀದಿಗೆಲ್ಲ ಕೇಳುತ್ತದೆ.

ಅಂಗಳದಲ್ಲೇ ಉಳಿದಿದ್ದ ವ್ಯಾನನ್ನು ಒಯ್ಯಲು ಬಂದ ಡ್ರೈವರ್ ಇದನ್ನು ನೋಡಿ, "ಏನಮ್ಮಾ, ಗಾಡಿ ಬಿಟ್ಟು ಯಜಮಾನರಿಗೇ ಬ್ರೇಕ್ ಹಾಕಿದೀರಾ?" ಅಂದ. "ಮದುವೆಯಾದಾಗಿಂದ ಹಾಕ್ತಿದೀನಿ, ಇವತ್ತು ಹಿಡೀತು" ಅಂದೆ. ಅಪ್ಪನಿಗೆ ಕೇಳಿಸಲಿಲ್ಲ, ಆದರೂ ನಮ್ಮಿಬ್ಬರಿಗಿಂತ ಜೋರಾಗಿ ನಕ್ಕರು. ನಾಲ್ಕೂ ಚಕ್ರದ ಬ್ರೇಕ್ ಪೈಪಿನ ಗಾಳಿ ಮೊದಲಿನಿಂದ ತೆಗೆದೆವು. ಪೆಡಲ್ ಕಲ್ಲಿನಂತೆ ನಿಂತಿತು. ವ್ಯಾನನ್ನೂ ಅಂಗಳದಲ್ಲಿ ಓಡಿಸಿ, ನಿಲ್ಲಿಸಿ ನಿಲ್ಲಿಸಿ ನೋಡಿಯೇ ಕಳಿಸಿದೆವು.

ಕಿವಿಯ ವಿಷಯ ನಿನಗೆ ಹೇಳಬಾರದೆಂದು ನನಗೆ ತಾಕೀತಾಗಿದೆ. ಹೇಳಿದ್ದು ಸರಿಯೋ ತಪ್ಪೋ, ಇನ್ನೂ ತೀರ್ಮಾನಿಸಲಾಗಿಲ್ಲ. ಆದರೆ ಅಪ್ಪನಿಗೆ ನಿನ್ನ ಮೇಲೆ ಕೋಪ ಎಂದುಕೊಂಡು ನೀನು ಅಲ್ಲಿ ಸೊರಗುವುದು ಮಾತ್ರ ಖಂಡಿತ ತಪ್ಪು.

ಹೊತ್ತಿಗೆ ಸರಿಯಾಗಿ ಉಣ್ಣು. ಹಿಡಿದ ಕೆಲಸ ಕೈಗೂಡಲಿ, ನಗು ನಗುತ್ತಾ ಬಾಳು.

ನಿನ್ನ
ಅಮ್ಮ

ಕಾಗದ ಮಡಿಸಿದ ಮೇಲೆ: ಕಳೆದ ವಾರ ನೀನು ಫೋನ್ ಮಾಡಿದಾಗ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗೆ ಬಂದಾಗ ಅಪ್ಪ ಫೋನನ್ನು ಕಿವಿಗೆ ಒತ್ತಿಕೊಂಡು, "ಹೂಂ ಮಗಳೇ, ಹೂಂ" ಎನ್ನುತ್ತಾ ನಗುತ್ತಿದ್ದರು. ನೀನು ಆಗಲೇ ಫೋನ್ ಇಟ್ಟಾಗಿತ್ತು. ಪರದೆಯ ಮೇಲೆ ಗಡಿಯಾರ ಮಾತ್ರ ಇತ್ತು. "ಏನಂದಳು?" ಎಂದು ಸನ್ನೆ ಮಾಡಿ ಕೇಳಿದೆ. "ಎಲ್ಲಾ ಹೇಳಿದಳು" ಅಂದರು. ಅವತ್ತು ಏನೇನು ಹೇಳಿದೆಯೋ, ಅದನ್ನೆಲ್ಲಾ ಒಂದು ಕಾಗದದಲ್ಲಿ ಅವರಿಗೆ ಬರಿ.